ಸೀಸದ ಕಸುಬೂ ಮೈಯ ಕಸುವೂ

ಲೋಹಗಳಲ್ಲೆಲ್ಲ ಬಹು ಸಾಧುವಾದುದು ಯಾವುದೆಂದು ಯಾರಾದರೂ ಕೇಳಿದರೆ ಸೀಸವೆಂದೇ ಹೇಳಬೇಕಾಗುತ್ತದೆ. ಕಬ್ಬಿಣದಂತೆ ಅದು ತುಕ್ಕು ಹಿಡಿದು ಉದುರುವುದಿಲ್ಲ; ಉಕ್ಕಿನಂತೆ ಎದುರು ನಿಲ್ಲುವುದಿಲ್ಲ. ಉಗುರಿನಿಂದ ಗೀರಿದರೆ ಗೆರೆ ಮೂಡುವಷ್ಟು ಮೃದು. 327 ಡಿಗ್ರಿ ಸೆಂಟಿಗ್ರೇಡಿನ ಶಾಖಕ್ಕೆ ಕರಗಿ ನೀರಾಗುವುದರಿಂದ ಸೌದೆಯ ಒಲೆಯ ಮೇಲೆಯೂ ಅದನ್ನು ಕರಗಿಸಬಹುದು. ಯಾವ ಅಚ್ಚಿಗೆ ಹೊಯ್ದರೆ ಆ ಅಚ್ಚಿನಲ್ಲಿ ತೆಪ್ಪಗೆ ಕುಳಿತುಕೊಳ್ಳುತ್ತದೆ. ಇಷ್ಟು ಹೇಳಿದಂತೆ ಕೇಳುವ ಲೋಹವಾದುದರಿಂದಲೇ ಮನುಷ್ಯನು ಸಾವಿರಾರು ವರ್ಷಗಳಿಂದ ಅದನ್ನು ಕೈಬಿಟ್ಟಿಲ್ಲ.

ಅಮರಕೋಶದಲ್ಲಿ ಸೀಸಕ್ಕೆ ಹೇಳಿರುವ ಹೆಸರುಗಳಲ್ಲಿ ‘ನಾಗ’ ಎಂಬುದೂ ಒಂದು. ಹಾವಿಗೂ ಅದೇ ಹೆಸರೆಂಬುದನ್ನು ನೀವು ಬಲ್ಲಿರಿ. ಹೆಸರಿಗೆ ಕಾರಣ ಏನೇ ಇರಲಿ, ಹೋಲಿಕೆ ಮಾತ್ರ ಚೆನ್ನಾಗಿ ಹೊಂದುತ್ತದೆ. ಎರಡೂ ಮುಟ್ಟಿದರೆ ತಣ್ಣಗೆ, ನೋಡಿದರೆ ನುಣ್ಣಗೆ, ಎರಡರಲ್ಲೂ ವಿಷ. ವ್ಯತ್ಯಾಸ ಒಂದೇ. ಹಾವು ಕಚ್ಚಿದರೆ ಕಚ್ಚಿತೆಂಬುದು ಆ ಕ್ಷಣವೇ ತಿಳಿಯುತ್ತದೆ, ಊರೆಲ್ಲ ಓಡಿಬರುತ್ತದೆ. ಸೀಸ ಕಚ್ಚಿದ್ದು ತಿಳಿಯುವುದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ತಿಳಿದಾಗಲೂ ಯಾರೂ ಅದನ್ನು ಸೀಸದ ಕಡಿತವೆಂದು ಹೇಳುವುದಿಲ್ಲ. ಗ್ಯಾಸು ಎನ್ನುತ್ತಾರೆ, ನಿಶ್ಶಕ್ತಿ ಎನ್ನುತ್ತಾರೆ, ವಾಯು ಎನ್ನುತ್ತಾರೆ, ಬಿ.ಪಿ. ಎನ್ನುತ್ತಾರೆ. ಈ ಹೊತ್ತಿನ ನನ್ನ ಮಾತು ಈ ಸದ್ದಿಲ್ಲದ ಕಡಿತವನ್ನು ಕುರಿತದ್ದು.

ಜಗಳೂರಿನಂಥ ಊರಿನಲ್ಲಿ ಸೀಸವೆಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮ್ಮದು ಕಾರ್ಖಾನೆಗಳ ತಾಲ್ಲೂಕಲ್ಲ, ಮಳೆಯನ್ನು ನಂಬಿದ ತಾಲ್ಲೂಕು. 1997ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದುದು ಆಮೇಲೆ ದಾವಣಗೆರೆ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾಯಿತೇ ಹೊರತು ಬರ ಬದಲಾಗಲಿಲ್ಲ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಹುಡುಗರು ಬಸ್ಸು ಹತ್ತಿ ದಾವಣಗೆರೆಗೋ ಬೆಂಗಳೂರಿಗೋ ಹೋಗುತ್ತಾರೆ, ಸಿಕ್ಕಿದ ಕೆಲಸ ಹಿಡಿಯುತ್ತಾರೆ. ಹಾಗೆ ಸಿಕ್ಕುವ ಕೆಲಸಗಳಲ್ಲಿ ಸೀಸದ ಕೆಲಸವೂ ಉಂಟು. ಊರಿನಲ್ಲಿಯೇ ಉಳಿದವರಿಗೂ ಅದು ದೂರವೇನಲ್ಲ. ಟ್ರ್ಯಾಕ್ಟರು, ಲಾರಿ, ಬಸ್ಸು, ಕರೆಂಟು ಹೋದಾಗ ದೀಪ ಉರಿಸುವ ಯು.ಪಿ.ಎಸ್. ಇವುಗಳ ಹೊಟ್ಟೆಯಲ್ಲಿ ಬ್ಯಾಟರಿಯಿದೆ. ಆಮ್ಲ ತುಂಬಿದ ಆ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಇಂದು ಲೋಕದಲ್ಲಿ ಬಳಕೆಯಾಗುವ ಸೀಸದ ಮುಕ್ಕಾಲು ಪಾಲಿಗೂ ಮಿಕ್ಕಿ ಬ್ಯಾಟರಿಗೇ ಹೋಗುತ್ತದೆ.

ಮನೆಯ ಮೂಲೆಯಲ್ಲಿ ಮುಚ್ಚಿಕೊಂಡು ಕುಳಿತಿರುವ ಬ್ಯಾಟರಿಗೆ ನೀವು ಹೆದರಬೇಕಾಗಿಲ್ಲ. ಅದು ಸತ್ತ ಮೇಲೆ ಅದಕ್ಕೆ ನಡೆಯುವ ಸಂಸ್ಕಾರದಲ್ಲಿದೆ ಅಪಾಯ. ಗುಜರಿಯವನು ಅದನ್ನು ಕೊಳ್ಳುತ್ತಾನೆ. ಎಲ್ಲಿಯೋ ಒಂದು ತಗಡಿನ ಮಾಡಿನ ಕೆಳಗೆ ಒಬ್ಬನು ಅದನ್ನು ಒಡೆಯುತ್ತಾನೆ, ಆಮ್ಲವನ್ನು ನೆಲಕ್ಕೆ ಚೆಲ್ಲುತ್ತಾನೆ, ಫಲಕಗಳನ್ನು ಬಾಣಲೆಗೆ ಹಾಕಿ ಕರಗಿಸುತ್ತಾನೆ. ಸೀಸದ ಗಟ್ಟಿ ಕೈಯಲ್ಲಿದ್ದರೆ ಅಷ್ಟು ಕೇಡಿಲ್ಲ. ಅದು ಧೂಳಾದಾಗ, ಹೊಗೆಯಾದಾಗ ಮೂಗಿನಲ್ಲಿ ಹೋಗುತ್ತದೆ, ಬೆರಳಿಗಂಟಿದ್ದು ಬೀಡಿಯ ಜೊತೆಗೆ, ಬುತ್ತಿಯ ರೊಟ್ಟಿಯ ಜೊತೆಗೆ ಬಾಯಿಗೆ ಹೋಗುತ್ತದೆ. ರೇಡಿಯೇಟರಿಗೆ ಬೆಸುಗೆ ಹಾಕುವವರು, ಹಳೆಯ ಬಣ್ಣ ಕೆರೆಯುವವರು, ತವರಕ್ಕೆ ಸೀಸ ಬೆರೆತಿದ್ದರೆ ಪಾತ್ರೆಗೆ ಕಲಾಯಿ ಹಾಕುವವರು, ಇವರೆಲ್ಲರೂ ಇದೇ ಸಾಲಿನವರು.

ಕನ್ನಡ ಓದಬಲ್ಲ ನಾವೆಲ್ಲರೂ ಈ ಲೋಹಕ್ಕೆ ಇನ್ನೊಂದು ಬಗೆಯಲ್ಲಿ ಋಣಿಗಳು. ಅಚ್ಚುಮೊಳೆಯ ಎರಕದಲ್ಲಿ ಹೆಚ್ಚಿನ ಪಾಲು ಸೀಸ. ಗಡಸಾಗಲು ಆಂಟಿಮನಿ, ಚೆನ್ನಾಗಿ ಅಚ್ಚಿಗಿಳಿಯಲು ತವರ. ಮಂಗಳೂರಿನ ಬಾಸೆಲ್ ಮಿಷನ್ನಿನವರು 1894ರಲ್ಲಿ ಹೊರತಂದ ಕಿಟ್ಟೆಲ್ಲರ ನಿಘಂಟಿನಿಂದ ಹಿಡಿದು, ನನ್ನ ವಯಸ್ಸಿನವರು ಶಾಲೆಯಲ್ಲಿ ಓದಿದ ಪಠ್ಯಪುಸ್ತಕಗಳವರೆಗೆ ಎಲ್ಲವೂ ಇಂಥ ಮೊಳೆಗಳಿಂದ ಮೂಡಿದವು. ತಲೆಕಟ್ಟು, ಕೊಂಬು, ಒತ್ತು ಒಂದೊಂದಕ್ಕೂ ಬೇರೆಬೇರೆ ಮನೆ. ಆ ಮನೆಗಳಿಂದ ದಿನವಿಡೀ ಮೊಳೆ ಆಯ್ದು ಜೋಡಿಸಿದ ಕೈಗಳು ಎಷ್ಟು! ಜೋಡಿಸುವವರಿಗಿಂತಲೂ ಎರಕ ಹೊಯ್ಯುವವರಿಗೆ ಅಪಾಯ ಹೆಚ್ಚಾಗಿತ್ತು. ಗಣಕಯಂತ್ರ ಬಂದು ಮೊಳೆಗಳು ಮೂಲೆಗೆ ಸೇರಿದವು; ಆದರೆ ಸೀಸ ಮೂಲೆಗೆ ಸೇರಲಿಲ್ಲ, ಬ್ಯಾಟರಿಗೆ ಸೇರಿತು.

ಇನ್ನು ಇದು ಮೈಯೊಳಗೆ ಹೊಕ್ಕು ಮಾಡುವುದೇನು ಎಂಬುದನ್ನು ನೋಡೋಣ. ಮೊದಲು ಅಳತೆಯ ಮಾತು. 100 ಮಿಲಿಲೀಟರು ರಕ್ತದಲ್ಲಿ 5 ಮೈಕ್ರೋಗ್ರಾಂ ಸೀಸ ಕಂಡರೆ ಅದು ಎಲ್ಲಿಂದ ಬಂತೆಂದು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರು ರಕ್ತ. ಲೆಕ್ಕ ಹಾಕಿದರೆ ರಕ್ತದಲ್ಲಿರುವ ಸೀಸವೆಲ್ಲ ಸೇರಿ ಕಾಲು ಮಿಲಿಗ್ರಾಂ ಆಯಿತು. ಒಂದು ಸಾಸಿವೆ ಕಾಳು ಸುಮಾರು 2 ಮಿಲಿಗ್ರಾಂ ತೂಗುತ್ತದೆ. ಎಂದರೆ ಸಾಸಿವೆಯ ಎಂಟನೆಯ ಒಂದು ಪಾಲಿನಷ್ಟು ಸೀಸವೇ ವೈದ್ಯನು ಹುಬ್ಬುಗಂಟಿಕ್ಕಲು ಸಾಕು! ಇಷ್ಟರೊಳಗಿದ್ದರೆ ಕ್ಷೇಮ ಎನ್ನುವ ಮೇರೆಯೂ ಇಲ್ಲ.

ಇಷ್ಟು ಅಲ್ಪದಿಂದ ಇಷ್ಟು ಕೇಡು ಹೇಗೆ? ಸೀಸ ವೇಷಧಾರಿ. ನಮ್ಮ ದೇಹ ಅದನ್ನು ಸುಣ್ಣದ ಅಂಶವೆಂದು, ಎಂದರೆ ಕ್ಯಾಲ್ಸಿಯಂ ಎಂದು ತಪ್ಪಾಗಿ ತಿಳಿಯುತ್ತದೆ. ಮಾರುವೇಷದ ಕಳ್ಳನಿಗೆ ಕಾವಲುಗಾರನೇ ಬಾಗಿಲು ತೆರೆದಂತೆ, ಕರುಳು ಅದನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಮೂಳೆ ಅದಕ್ಕೆ ಮನೆ ಕೊಡುತ್ತದೆ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮೂಳೆಯನ್ನು ಸೇರಿದ್ದಾದರೋ ಹತ್ತಾರು ವರ್ಷ ಅಲ್ಲೇ ಠಿಕಾಣಿ ಹೂಡುತ್ತದೆ. ಬೆಳೆದವರ ಮೈಯಲ್ಲಿರುವ ಸೀಸದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಇರುವುದು ಮೂಳೆಯಲ್ಲಿಯೇ. ಹನಿಗೂಡಿ ಹಳ್ಳವೆಂಬ ಗಾದೆ ಒಳ್ಳೆಯದಕ್ಕೆ ಹೇಗೋ ಕೆಟ್ಟದ್ದಕ್ಕೂ ಹಾಗೆಯೇ. ಹೆಂಗಸರು ಗರ್ಭಿಣಿಯರಾದಾಗ, ಮುಪ್ಪಿನಲ್ಲಿ ಮೂಳೆ ಸವೆದಾಗ, ಕೂಡಿಟ್ಟ ಆ ವಿಷ ಮತ್ತೆ ರಕ್ತಕ್ಕೆ ಇಳಿಯುತ್ತದೆ.

ನರಗಳ ವಿಷಯ ಹೇಳುತ್ತೇನೆ. ನರವೆಂಬುದು ತಂತಿಯಂತೆ, ಮಿದುಳಿನ ಆಜ್ಞೆಯನ್ನು ಸ್ನಾಯುವಿಗೆ ಒಯ್ಯುತ್ತದೆ. ತಂತಿಯ ಮೇಲೆ ರಬ್ಬರಿನ ಹೊದಿಕೆಯಿರುವಂತೆ ಬಹಳಷ್ಟು ನರಗಳ ಮೇಲೂ ಒಂದು ಪೊರೆಯುಂಟು. ಸೀಸ ನರವನ್ನೂ ಪೊರೆಯನ್ನೂ ಕೆಡಿಸುತ್ತದೆ. ಸುದ್ದಿ ಸಾಗುವ ವೇಗ ತಗ್ಗುತ್ತದೆ. ಮುಂಗೈಯನ್ನು ಮೇಲಕ್ಕೆತ್ತುವ ಸ್ನಾಯುಗಳ ನರಕ್ಕೆ ಮೊದಲ ಪೆಟ್ಟು. ಅದರಲ್ಲಿಯೂ ಹೆಚ್ಚು ದುಡಿಯುವ ಕೈಗೆ. ಕೈ ಚಾಚಿದರೆ ಮಣಿಕಟ್ಟು ಜೋತುಬೀಳುತ್ತದೆ. ಅದಕ್ಕೂ ಮೊದಲು ಮರೆವು, ಮುಂಗೋಪ, ನಿದ್ದೆಗೇಡು, ಕೈಕಾಲು ಜೋಮು ಕಾಣಿಸುವುದುಂಟು. ಮನೆಯವರು ಇದನ್ನು ಸ್ವಭಾವ ಕೆಟ್ಟಿತೆಂದು ಬಗೆಯುತ್ತಾರೆ.

ಹೃದಯದ ಕಥೆ ಇದಕ್ಕಿಂತ ಗುಟ್ಟಿನದು. ಇದೀಗ ನೀವೇ ಒಂದು ಸಣ್ಣ ಪ್ರಯೋಗ ಮಾಡಿ ನೋಡಬಹುದು. ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ನಿಧಾನವಾಗಿ, ದೀರ್ಘವಾಗಿ ಉಸಿರೆಳೆದು ಬಿಡಿ. ಎಳೆದಾಗ ನಾಡಿ ತುಸು ಚುರುಕಾಗುತ್ತದೆ, ಬಿಟ್ಟಾಗ ತುಸು ಸಾವಕಾಶವಾಗುತ್ತದೆ. ಎಳೆಯರಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ, ವಯಸ್ಸಾದಂತೆ ಕಡಿಮೆಯಾಗುತ್ತದೆ. ಈ ಏರಿಳಿತ ರೋಗವಲ್ಲ, ಆರೋಗ್ಯದ ಲಕ್ಷಣ. ನಮ್ಮ ಅರಿವಿಲ್ಲದೆ ಕೆಲಸ ಮಾಡುವ ನರಗಳು ಹೃದಯದ ಲಗಾಮನ್ನು ಹಿಡಿದಿವೆ ಎಂಬುದಕ್ಕೆ ಅದೇ ಸಾಕ್ಷಿ. ಸೀಸದ ನಡುವೆ ದುಡಿಯುವವರನ್ನು ಪರೀಕ್ಷಿಸಿದ ಅಧ್ಯಯನಗಳಲ್ಲಿ ಈ ಏರಿಳಿತ ಕುಗ್ಗಿರುವುದು ಕಂಡುಬಂದಿದೆ. ಲಗಾಮು ಸಡಿಲವಾದ ಕುದುರೆ ಓಡುವುದೇನೋ ಓಡುತ್ತದೆ. ತಿರುವು ಬಂದಾಗ ತೊಂದರೆ. ಇದನ್ನು ಸರಿಯಾಗಿ ಅಳೆಯಬೇಕಾದರೆ ಯಂತ್ರ ಬೇಕು, ವೈದ್ಯರು ಬೇಕು. ಬೆರಳಿನಿಂದ ರೋಗನಿರ್ಣಯ ಮಾಡಿಕೊಳ್ಳಬೇಡಿ.

ಇದರ ಜೊತೆಗೆ ಸೀಸ ರಕ್ತನಾಳಗಳನ್ನು ಬಿಗಿಯಾಗಿಸುತ್ತದೆ, ಮೂತ್ರಪಿಂಡಗಳನ್ನು ಕೆಡಿಸುತ್ತದೆ; ಎರಡರಿಂದಲೂ ರಕ್ತದ ಒತ್ತಡ ಏರುತ್ತದೆ. ಒತ್ತಡ ಏರಿದ ಮೇಲೆ ಹೃದಯಾಘಾತ, ಪಾರ್ಶ್ವವಾಯು ದೂರವಿಲ್ಲ. 2021ರ ಒಂದೇ ವರ್ಷದಲ್ಲಿ ಸೀಸದ ಕಾರಣದಿಂದ ಲೋಕದಲ್ಲಿ 15 ಲಕ್ಷಕ್ಕೂ ಹೆಚ್ಚು ಮಂದಿ ಸತ್ತರೆಂದು ಅಂದಾಜು. ಅವರಲ್ಲಿ ಬಹುಪಾಲು ಹೃದಯ ಮತ್ತು ರಕ್ತನಾಳಗಳ ರೋಗದಿಂದ. ಇವರ ಮರಣಪತ್ರದಲ್ಲಿ ‘ಸೀಸ’ ಎಂಬ ಎರಡಕ್ಷರ ಎಲ್ಲಿಯೂ ಇರುವುದಿಲ್ಲ.

ನನ್ನಲ್ಲಿ ಓದಿದ ಒಬ್ಬ ಹುಡುಗನ ಸಂಗತಿಯನ್ನು ಇಲ್ಲಿ ಹೇಳಬಹುದು; ಹೆಸರು ಬೇಡ. ಹತ್ತನೆಯ ತರಗತಿ ಮುಗಿಸಿ ದೊಡ್ಡ ಊರಿಗೆ ಹೋದ. ಮದುವೆಯಾಯಿತು, ಒಂದು ಹೆಣ್ಣು ಮಗು. ಒಂದು ವರ್ಷದಿಂದ ಹೊಟ್ಟೆ ಹಿಂಡಿದಂತೆ ನೋವು, ಮಲಬದ್ಧತೆ. ಗ್ಯಾಸಿಗೆ ಮಾತ್ರೆ ನುಂಗಿದ. ಮುಖ ಬಿಳಿಚಿಕೊಂಡಿತು, ರಕ್ತ ಕಡಿಮೆಯೆಂದು ಕಬ್ಬಿಣದ ಮಾತ್ರೆ ನುಂಗಿದ. ಕೊನೆಗೆ ಬಲಗೈಯಲ್ಲಿ ಅನ್ನದ ತುತ್ತು ನಿಲ್ಲದಾದಾಗ, ದೃಷ್ಟಿಯಾಯಿತೆಂದು ತಾಯಿ ತಾಯಿತ ಕಟ್ಟಿಸಿದಳು. ನಾಲ್ಕನೆಯ ವೈದ್ಯರೊಬ್ಬರು ಮಾತ್ರ, “ಏನಪ್ಪಾ, ನೀನು ಮಾಡೋ ಕೆಲಸ ಏನು?” ಎಂದು ಕೇಳಿದರು. “ಗುಜರಿ ಅಂಗಡೀಲಿ ಸರ್.” “ಗುಜರಿಯಲ್ಲಿ ಏನು ಕೆಲಸ?” “ಹಳೇ ಬ್ಯಾಟರಿ ಒಡೆದು ಸೀಸ ಕಾಯಿಸೋದು.” ವೈದ್ಯರು ರಕ್ತವನ್ನು ಸೀಸದ ಪರೀಕ್ಷೆಗೆ ಕಳುಹಿಸಿದರು. ಅವನ ರಕ್ತದಲ್ಲಿ ಮಾತ್ರವಲ್ಲ, ಬಟ್ಟೆಯ ಧೂಳಿನ ಮೂಲಕ ಮಗುವಿನ ರಕ್ತದಲ್ಲಿಯೂ ಸೀಸ ಸೇರಿತ್ತು. ಕೆಲಸ ಬಿಟ್ಟು ಊರಿಗೆ ಬಂದ. ಹಲವು ತಿಂಗಳ ಮೇಲೆ ಕೈ ಬಹುಮಟ್ಟಿಗೆ ಮರಳಿತು; ರಕ್ತದೊತ್ತಡ ಮಾತ್ರ ಹೋಗಲಿಲ್ಲ. ಅವನ ತಾಯಿ ನನ್ನೊಡನೆ ಆಡಿದ ಮಾತು ಕಿವಿಯಲ್ಲೇ ಇದೆ: “ಹೊಟ್ಟೆನೋವು ವಾಸಿಯಾತು ಮೇಷ್ಟ್ರೇ, ಹೊಟ್ಟೆಪಾಡು ಹೆಂಗೆ?”

ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ; ಆದರೆ ಆ ವೈದ್ಯರು ಕೇಳಿದ ಪ್ರಶ್ನೆ ಬಹು ಹಳೆಯದು. ಇಟಲಿಯ ಬರ್ನಾರ್ಡಿನೋ ರಾಮಾಝಿನಿ ಎಂಬ ವೈದ್ಯನು 1700ರಲ್ಲಿ ಕಸುಬಿನ ರೋಗಗಳನ್ನು ಕುರಿತು ಒಂದು ಗ್ರಂಥ ಬರೆದ. ಪಾತ್ರೆಗಳಿಗೆ ಸೀಸದ ಮೆರುಗು ಹಚ್ಚುವ ಕುಂಬಾರರ ಕೈ ನಡುಗಿ ನಿಶ್ಚೇಷ್ಟಿತವಾಗುವುದನ್ನು ಅವನು ಅದರಲ್ಲಿ ವರ್ಣಿಸಿದ್ದಾನೆ. ರೋಗಿಯ ಬಳಿ ಕುಳಿತಾಗ ಹಿಂದಿನವರು ಹೇಳಿಕೊಟ್ಟ ಪ್ರಶ್ನೆಗಳ ಜೊತೆಗೆ ‘ನಿನ್ನ ಕಸುಬೇನು?’ ಎಂಬುದನ್ನೂ ಕೇಳಬೇಕೆಂದು ವೈದ್ಯರಿಗೆ ವಿಧಿಸಿದವನು ಅವನೇ. ಮೂರು ಶತಮಾನ ಕಳೆದರೂ, ನೂಕುನುಗ್ಗಲಿನ ಆಸ್ಪತ್ರೆಯಲ್ಲಿ ಮರೆತುಹೋಗುವುದು ಆ ಪ್ರಶ್ನೆಯೇ.

ನಮ್ಮ ನಾಡಿನಲ್ಲಿ ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರೂ ಇದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಮಹಾವಿದ್ಯಾಲಯದ ಜೀವರಸಾಯನ ಶಾಸ್ತ್ರಜ್ಞ ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ವಿರುದ್ಧ ದುಡಿದವರಲ್ಲಿ ಮುಖ್ಯರು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಪ್ರತಿಷ್ಠಾನದವರೊಡನೆ ದೇಶದ ದೊಡ್ಡ ನಗರಗಳಲ್ಲಿ ನಡೆದ ರಕ್ತಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ 100 ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸ ಕಂಡುಬಂತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇದಕ್ಕಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ರಲ್ಲಿ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷದಲ್ಲಿ 90 ಪಾಲಿಗಿಂತ ಹೆಚ್ಚು ಸೀಸವಿರಕೂಡದೆಂಬ ನಿಯಮ 2016ರಲ್ಲಿ ಹುಟ್ಟಿ, 2017ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಬೆಂಗಳೂರಿನಲ್ಲಿರುವ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರದವರು ಬ್ಯಾಟರಿ ಕೆಲಸಗಾರರ ರಕ್ತವನ್ನು ಪರೀಕ್ಷಿಸಿ ಅಧ್ಯಯನಗಳನ್ನು ಪ್ರಕಟಿಸಿದ್ದಾರೆ.

ಕಾಯಿದೆಯೂ ಕುರುಡಲ್ಲ. 1948ರ ಕಾರ್ಖಾನೆ ಕಾಯಿದೆಯಲ್ಲಿ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯ ಮೊಟ್ಟಮೊದಲ ಹೆಸರೇ ಸೀಸದ ವಿಷ. ಅದರ ಸ್ಥಾನಕ್ಕೆ ಬಂದ 2020ರ ಸಂಹಿತೆಯಲ್ಲಿಯೂ ಅದು ಇದೆ. ಆದರೆ ಕಾಯಿದೆಯ ಕಣ್ಣಿಗೆ ಕಾಣುವುದು ಕಾರ್ಖಾನೆ. ವಿದ್ಯುತ್ತು ಬಳಸುವ ಕಡೆ ಕನಿಷ್ಠ 10 ಜನ ಕೆಲಸಗಾರರಿದ್ದರೆ ಹಳೆಯ ಕಾಯಿದೆ ಅದನ್ನು ಕಾರ್ಖಾನೆ ಎನ್ನುತ್ತಿತ್ತು. ಹೊಸ ಸಂಹಿತೆ ಆ ಸಂಖ್ಯೆಯನ್ನು 20ಕ್ಕೆ ಏರಿಸಿದೆ. ತಗಡಿನ ಮಾಡಿನ ಕೆಳಗೆ ಮೂವರು ಸೀಸ ಕಾಯಿಸುವ ಜಾಗ ಯಾವ ಲೆಕ್ಕಕ್ಕೆ? ಹಳೆಯ ಬ್ಯಾಟರಿಗಳು ನೋಂದಾಯಿತ ಪುನರ್ಬಳಕೆದಾರರಿಗೇ ಸೇರಬೇಕೆಂಬ ನಿಯಮ 2001ರಿಂದ ಇದೆ, 2022ರಲ್ಲಿ ಅದು ಇನ್ನೂ ಬಿಗಿಯಾಗಿದೆ. ನಿಯಮ ನಡೆಯಬೇಕಾದರೆ ಬ್ಯಾಟರಿಯ ಯಜಮಾನರಾದ ನಾವು ನೀವು ಮನಸ್ಸು ಮಾಡಬೇಕು. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅದೇ ಅಧಿಕೃತ ಅಂಗಡಿಗೆ ಒಪ್ಪಿಸಿ ರಸೀದಿ ಪಡೆಯಿರಿ. ಗುಜರಿಯವನು ನೂರು ರೂಪಾಯಿ ಹೆಚ್ಚು ಕೊಟ್ಟಾನು. ಆ ನೂರು ರೂಪಾಯಿ ಯಾರದೋ ಕೈಯ ಬಲವನ್ನು ಕಳೆದು ಬಂದದ್ದೆಂಬುದನ್ನು ನೆನೆಯಿರಿ.

ಈ ಕಸುಬಿನವರು ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಇದ್ದರೆ ಅವರಿಗೆ ಕೆಲವು ಮಾತು ತಿಳಿಸಿರಿ. ಕೆಲಸದ ಜಾಗದಲ್ಲಿ ಊಟ ಬೇಡ, ಬೀಡಿ ಬೇಡ, ಎಲೆಯಡಿಕೆ ಬೇಡ. ಕೈ, ಮುಖ, ಬಾಯಿ ಸೋಪಿನಿಂದ ತೊಳೆದ ಮೇಲೆಯೇ ಬುತ್ತಿ ಬಿಚ್ಚಬೇಕು. ಧೂಳನ್ನು ಪೊರಕೆಯಿಂದ ಎಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮೂಗಿಗೆ ಕಟ್ಟಿದ ಕರವಸ್ತ್ರ ಸೀಸದ ಹೊಗೆಯನ್ನು ತಡೆಯುವುದಿಲ್ಲ. ಅದಕ್ಕೆ ತಕ್ಕ ಮುಖವಾಡ, ಹೊಗೆಯನ್ನು ಹೊರಕ್ಕೆ ಸೆಳೆಯುವ ಯಂತ್ರ ಇವನ್ನು ಒದಗಿಸುವುದು ಮಾಲೀಕನ ಹೊಣೆ. ಕೆಲಸದ ಬಟ್ಟೆ, ಚಪ್ಪಲಿ ಮನೆಯ ಹೊಸ್ತಿಲು ದಾಟಬಾರದು. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬಾರದು. ಸಂಜೆ ಮಗು ಓಡಿಬಂದರೂ ಸ್ನಾನವಾಗುವವರೆಗೆ ಎತ್ತಿಕೊಳ್ಳಬೇಡಿ. ಹೇಳಲು ಸುಲಭ, ನಡೆಸಲು ಕಷ್ಟ, ಆದರೂ ಬೇಕು. ನುಂಗಿದ ಸೀಸದಲ್ಲಿ ದೊಡ್ಡವರ ಮೈ ಹತ್ತನೆಯ ಒಂದು ಪಾಲು ಹೀರಿದರೆ, ಮಕ್ಕಳ ಮೈ ಅರ್ಧದಷ್ಟನ್ನು ಹೀರಬಲ್ಲದು.

ಹಾಲು ಕುಡಿದರೆ, ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತದೆಂಬ ನಂಬಿಕೆಯಿದೆ. ಬೆಲ್ಲಕ್ಕೆ ಆ ಶಕ್ತಿಯಿಲ್ಲ. ಸುಣ್ಣದ ಅಂಶ, ಕಬ್ಬಿಣದ ಅಂಶ ಕೊರತೆಯಾದ ಮೈ ಸೀಸವನ್ನು ಹೆಚ್ಚಾಗಿ ಹೀರುವುದರಿಂದ ಹಾಲು, ರಾಗಿ, ಸೊಪ್ಪು, ಕಾಳು ಇವು ಊಟದಲ್ಲಿರುವುದು ಒಳ್ಳೆಯದೇ. ಆದರೆ ಶ್ವಾಸಕೋಶಕ್ಕೆ ಹೋದ ಹೊಗೆಯನ್ನು ರಾಗಿಮುದ್ದೆ ಹಿಂದಕ್ಕೆ ತರಲಾರದು. ಮಿತಿಮೀರಿದವರಿಗೆ ಆಸ್ಪತ್ರೆಯಲ್ಲಿ ಸೀಸವನ್ನು ಹೊರಗೆಳೆಯುವ ಔಷಧವಿದೆ. ಅದನ್ನು ಕೊಡಿಸಿಕೊಂಡು ಮತ್ತೆ ಅದೇ ಹೊಗೆಗೆ ಹೋಗುವುದು ತೂತಿನ ಕೊಡಕ್ಕೆ ನೀರು ಸೇದಿದಂತೆ. ವಿಷದಿಂದ ದೂರವಾಗುವುದೇ ಮೊದಲ ಚಿಕಿತ್ಸೆ.

ಇನ್ನು ಆ ತಾಯಿಯ ಪ್ರಶ್ನೆ. ಕಸುಬನ್ನು ಬಿಡು ಎಂದು ಬಡವನಿಗೆ ಹೇಳುವುದು ಉಪದೇಶವೇ ಹೊರತು ಉಪಕಾರವಲ್ಲ. ಬ್ಯಾಟರಿ ಲೋಕಕ್ಕೆ ಬೇಕು, ಅದನ್ನು ಮಾಡುವವರೂ ಒಡೆಯುವವರೂ ಬೇಕು. ಆ ಕೆಲಸ ಮುಚ್ಚಿದ ಯಂತ್ರದೊಳಗೆ, ಒಳ್ಳೆಯ ಗಾಳಿಯಲ್ಲಿ, ಕಾಲಕಾಲಕ್ಕೆ ರಕ್ತಪರೀಕ್ಷೆಯೊಡನೆ ನಡೆಯಬಲ್ಲದು; ಹಾಗೆ ನಡೆಸುವ ಕಾರ್ಖಾನೆಗಳೂ ಇವೆ. ಸೀಸ ಏರಿದವನನ್ನು ಕೆಲಸದಿಂದ ತೆಗೆಯದೆ, ಸಂಬಳ ಕಡಿಯದೆ, ಇಳಿಯುವವರೆಗೆ ಬೇರೆ ಕೆಲಸಕ್ಕೆ ಹಾಕಬೇಕು. ಅಮೆರಿಕದಲ್ಲಿ 1978ರಿಂದ ಇದು ಕಟ್ಟಳೆಯಾಗಿದೆ. ನಮ್ಮಲ್ಲಿ ಸೀಸದ ವಿಷ ಪರಿಹಾರಕ್ಕೆ ಅರ್ಹವಾದ ಕಸುಬಿನ ರೋಗಗಳ ಪಟ್ಟಿಯಲ್ಲಿದೆ. ಆದರೆ ರೋಗಕ್ಕೆ ಹೆಸರಿಟ್ಟ ಮೇಲೆ ತಾನೇ ಪರಿಹಾರ?

ಆದುದರಿಂದ ಒಂದೇ ಕೋರಿಕೆ. ವೈದ್ಯರು ಕೇಳಲಿ, ಕೇಳದಿರಲಿ, ಬಾಯಿಬಿಟ್ಟು ಹೇಳಿರಿ: ನಾನು ಬ್ಯಾಟರಿ ಒಡೆಯುತ್ತೇನೆ, ನಾನು ಬೆಸುಗೆ ಹಾಕುತ್ತೇನೆ, ನನ್ನ ಗಂಡ ಸೀಸ ಕಾಯಿಸುತ್ತಾನೆ. ಹೊಟ್ಟೆ ಹಿಂಡುವ ನೋವು, ಬಿಳಿಚಿದ ಮುಖ, ಸೋತ ಮಣಿಕಟ್ಟು, ಚಿಕ್ಕ ವಯಸ್ಸಿನಲ್ಲೇ ಏರಿದ ರಕ್ತದೊತ್ತಡ ಇವು ಒಂದೇ ಮನುಷ್ಯನಲ್ಲಿ ಕಂಡರೆ, ಒಮ್ಮೆ ಸೀಸದ ರಕ್ತಪರೀಕ್ಷೆ ಆಗಬೇಕೇ ಎಂದು ನೀವೇ ವಿಚಾರಿಸಿರಿ. ಹೀಗೆ ಕೇಳಲು ಓದು ಬೇಕಿಲ್ಲ, ಹಣ ಬೇಕಿಲ್ಲ. ನಾಚಿಕೆ ಬಿಟ್ಟರೆ ಸಾಕು.